ಅವಳ ಮನೆಯೊಳಗೆ ಕೂತ ಹೆಂಗಸು

ನಮ್ಮ ಮನೆಯಲ್ಲಿ ಹನ್ನೊಂದು ವರ್ಷದಿಂದ ಪಾತ್ರೆ ತೊಳೆದು ನೆಲ ಒರೆಸುತ್ತಿದ್ದವಳ ಮನೆಗೆ ನಾನು ಮೊದಲ ಸಲ ಹೋದದ್ದು ಅದಕ್ಕೆ ನೀರು ನುಗ್ಗಿದ ಮೇಲೆ. ತಿಪಟೂರಿನಲ್ಲಿ ನಮ್ಮದು ಕೊಬ್ಬರಿ ವ್ಯಾಪಾರ. ಅವಳಿದ್ದದ್ದು ಕೆರೆ ಕೋಡಿಯ ಕೆಳಗಿನ ಕಾಲೋನಿಯಲ್ಲಿ, ನಮ್ಮಲ್ಲಿಂದ ಹತ್ತು ನಿಮಿಷದ ನಡಿಗೆ. ಮೂರು ದಿನ ಬಿಡದೆ ಮಳೆ ಹೊಡೆದು, ನಾಲ್ಕನೆಯ ಬೆಳಗ್ಗೆ ಕೋಡಿ ನೀರು ಕಾಲುವೆ ಬಿಟ್ಟು ಕಾಲೋನಿಯೊಳಕ್ಕೇ ತಿರುಗಿತು. ಅವಳು ಕೆಲಸಕ್ಕೆ ಬರಲಿಲ್ಲವೆಂದು ನಾನು ಗೊಣಗುತ್ತಿದ್ದಾಗ ಮಂಡಿಯಿಂದ ಯಜಮಾನರು ಫೋನ್ ಮಾಡಿ ವಿಷಯ ಹೇಳಿದರು.

ಒಂದು ದೊಡ್ಡ ಪಾತ್ರೆ ಚಿತ್ರಾನ್ನ ಕಲಸಿ, ಹಳೆಯ ಸೀರೆ, ಎರಡು ಕಂಬಳಿ ಆಟೋದಲ್ಲಿ ಹಾಕಿಕೊಂಡು ಹೋದೆ. ಮೊಣಕಾಲವರೆಗೂ ಕೆಸರು. ಅವಳ ಮನೆಯ ಹಿಂದಿನ ಗೋಡೆ ಬಿದ್ದಿತ್ತು. ಬಾಗಿಲಲ್ಲೇ ನಿಂತು ಎಲ್ಲ ಕೊಟ್ಟೆ. "ನೀವ್ಯಾಕೆ ಬರೋಕೋದ್ರಿ ಅಕ್ಕ ಈ ಕೆಸ್ರಲ್ಲಿ," ಎಂದು ಅತ್ತಳು. ನನಗೂ ಕಣ್ಣು ತುಂಬಿತು. ಮನೆಗೆ ಬಂದು ಸ್ನಾನ ಮಾಡಿ ಊಟಕ್ಕೆ ಕೂತಾಗ ನನ್ನ ಬಗ್ಗೆ ನನಗೇ ಮೆಚ್ಚುಗೆ ಹುಟ್ಟಿತ್ತು. ಮುಚ್ಚಿಟ್ಟು ಏನು ಮಾಡಲಿ.

ಮಾರನೆಯ ದಿನ ಬೆಂಗಳೂರಿನಿಂದ ಒಂದು ವ್ಯಾನು ಬಂತು. ಕ್ರೈಸ್ತ ಮಿಷನ್ನಿನವರು, ಏಳೆಂಟು ಜನ. ಸನಿಕೆ, ಪೊರಕೆ, ಬ್ಲೀಚಿಂಗ್ ಪುಡಿ, ಔಷಧಿ ಪೆಟ್ಟಿಗೆ ಎಲ್ಲ ತಂದಿದ್ದರು. ಅವರಲ್ಲೊಬ್ಬರು ಅರವತ್ತು ದಾಟಿದ ಹೆಂಗಸು, ಕರಾವಳಿ ಕಡೆಯವರು, ಹಿಂದೆ ನರ್ಸ್ ಆಗಿದ್ದವರಂತೆ. ಸಂಜೆ ಫ್ಲಾಸ್ಕಿನಲ್ಲಿ ಕಾಫಿ ತಗೊಂಡು ಹೋದಾಗ ಆಕೆ ನನ್ನ ಕೆಲಸದವಳ ಮನೆಯೊಳಗೆ ಕುಕ್ಕರಗಾಲಲ್ಲಿ ಕೂತು ತೆಂಗಿನ ನಾರಿನಿಂದ ಗೋಡೆಯ ಕೆಸರು ಉಜ್ಜುತ್ತಿದ್ದರು. ಇವಳು ಪಕ್ಕದಲ್ಲಿ ಕೂತು ಏನೋ ಹೇಳಿಕೊಂಡು ನಗುತ್ತಿದ್ದಳು. ನಡುವೆ ಒಂದು ತಟ್ಟೆ ಕಡ್ಲೆಪುರಿ, ಇಬ್ಬರೂ ಅದರಿಂದಲೇ ಬಾಯಿಗೆ ಹಾಕಿಕೊಳ್ಳುತ್ತಿದ್ದರು. ಅವಳು ಹಾಗೆ ನಕ್ಕದ್ದನ್ನು ನಾನು ಹನ್ನೊಂದು ವರ್ಷದಲ್ಲಿ ಕೇಳಿರಲಿಲ್ಲ.

"ಬನ್ನಿ, ಒಳಗೆ ಬನ್ನಿ. ಯಾಕೆ ಅಲ್ಲೇ ನಿಂತುಕೊಂಡಿರಿ?" ಎಂದರು ಆಕೆ, ತಮ್ಮ ಪುಸ್ತಕದಂಥ ಕನ್ನಡದಲ್ಲಿ.

ನನ್ನ ಕೆಲಸದವಳ ಮನೆಗೆ ನನ್ನನ್ನು ಕರೆಯಲು ನಿನ್ನೆ ಮೊನ್ನೆ ಬಂದ ಇವರ್ಯಾರು? ಮೈಯೆಲ್ಲ ಉರಿದುಹೋಯಿತು. ಫ್ಲಾಸ್ಕನ್ನು ಹೊಸ್ತಿಲ ಮೇಲಿಟ್ಟು, ಕೆಲಸವಿದೆ ಎಂದು ಹೇಳಿ ವಾಪಸ್ಸು ಬಂದೆ.

ಎರಡು ದಿನ ಬಿಟ್ಟು ಅವಳು ಕೆಲಸಕ್ಕೆ ಬಂದಾಗ ನನ್ನ ಬಾಯಿ ಸುಮ್ಮನಿರಲಿಲ್ಲ. "ಹುಷಾರು ಕಣೇ. ಸುಮ್‌ಸುಮ್ನೆ ಯಾರೂ ಬಂದು ಕೆಸರು ಬಳಿಯಲ್ಲ. ಜಾತಿ ಕೆಡಿಸಿಬಿಡ್ತಾರೆ."

"ಬುಡಿ ಅಕ್ಕ," ಎಂದಳು, ಒರೆಸುವ ಬಟ್ಟೆ ಹಿಂಡುತ್ತ. "ಪ್ರಾರ್ಥನೆ ಮಾಡ್ಲಾ ಅಂತ ಕೇಳಿದ್ರು, ಮಾಡಿ ಅಂದೆ. ನನ್ ಮಗಳ್ದು ಒಂದು ಫ್ರಾಕು ಕೆಸ್ರಲ್ಲಿ ಸಿಕ್ತು. ಅದುನ್ನ ಮೂರು ಸಲ ಒಗ್ದು, ಅವ್ರೇ ಒಣಗಾಕುದ್ರು."

"ಯಾವ ಮಗಳು?" ಅವಳಿಗೆ ಇಬ್ಬರು ಗಂಡುಮಕ್ಕಳೆಂದಷ್ಟೇ ನನಗೆ ಗೊತ್ತಿದ್ದದ್ದು.

"ದೊಡ್ಡೋಳು. ಮೂರು ವರ್ಸುದ್ದು, ಜ್ವರ ಬಂದು ಹೋಗ್ಬುಟ್ಲು. ನಿಮ್ಮನೆ ಸೇರೋಕೆ ಮುಂಚೆ."

"ಆ ಹೆಂಗಸಿಗೆ ಹೇಳಿದೀಯ, ನನಗ್ಯಾಕೆ ಹೇಳಲಿಲ್ಲ?"

ಅವಳಿಗೆ ನನ್ನ ಸಿಟ್ಟು ಅರ್ಥವಾಗಲಿಲ್ಲ. "ಇಲ್ಲಿ ಬಂದ್ರೆ ಕೆಲ್ಸ ಇರುತ್ತಲ್ಲ ಅಕ್ಕ," ಎಂದು ಬಕೆಟ್ ಎತ್ತಿಕೊಂಡು ಹಾಲಿಗೆ ಹೋದಳು.

ಸತ್ತ ಮಗುವಿಗಾಗಿ ನನಗೆ ದುಃಖವಾಗಬೇಕಿತ್ತು. ಆಯಿತು ಕೂಡ, ಆದರೆ ಆಮೇಲೆ. ಮೊದಲು ಬಂದದ್ದು ಹೊಟ್ಟೆಕಿಚ್ಚೇ.

ತಂಡದವರು ಹೊರಟ ದಿನ ನಾನೂ ಹೋಗಿದ್ದೆ. ಆ ಹೆಂಗಸು ನನ್ನ ಎರಡೂ ಕೈ ಹಿಡಿದುಕೊಂಡು, "ಮೊದಲ ದಿನವೇ ಊಟ ತಂದವರು ನೀವಂತೆ. ನಾಲ್ಕು ಸಲ ಹೇಳಿದ್ದಾಳೆ," ಎಂದರು. ಅವರನ್ನು ದ್ವೇಷಿಸಲು ನನಗಿದ್ದ ಒಂದೇ ಒಂದು ನೆಪವನ್ನೂ ಕಿತ್ತುಕೊಂಡರು. ವ್ಯಾನು ತಿರುವು ದಾಟಿದಾಗ ಮಾತ್ರ ಉಸಿರು ಹಗುರಾಯಿತು.

ಒಂದು ಭಾನುವಾರ ಬರಿಗೈಯಲ್ಲಿ ಅವಳ ಮನೆಗೆ ಹೋದೆ. ಗೋಡೆ ಮತ್ತೆ ಎದ್ದಿತ್ತು. ಗಾಬರಿಯಿಂದ ಕುರ್ಚಿ ಒರೆಸಿ ಹಾಕಿ, ತಾನು ನಿಂತೇ ಇದ್ದಳು.

"ಏನಾದ್ರೂ ಬೇಕಿತ್ತಾ ಅಕ್ಕ?"

"ಏನಿಲ್ಲ ಕಣೇ. ಸುಮ್ನೆ ಬಂದೆ."

ಟೀ ಕಾಸಿದಳು. ಮಗಳ ವಿಷಯ ಕೇಳಿದೆ. ಬೆಲ್ಲ ಅಂದರೆ ಪ್ರಾಣ ಬಿಡುತ್ತಿದ್ದಳಂತೆ. ಅಷ್ಟು ಹೇಳುವಷ್ಟರಲ್ಲಿ ಫೋನ್ ಬಂತು. ಅವರೇ. ಮಿಷನ್ನಿನ ಆ ಹೆಂಗಸು ಪ್ರತಿ ಭಾನುವಾರ ಮಾಡುತ್ತಾರಂತೆ. ಅವಳು ಹೊರಗೆ ಕಟ್ಟೆ ಮೇಲೆ ಕೂತು ನಕ್ಕು ನಕ್ಕು ಮಾತಾಡಿದಳು, ನಾನು ಒಳಗೆ ಟೀ ಕುಡಿದೆ. ಆಮೇಲೆ ಓಡಿಬಂದು ಫೋನನ್ನು ನನ್ನ ಕಿವಿಗೇ ಹಿಡಿದಳು. "ಮಾತಾಡಿ ಅಕ್ಕ, ನಿಮ್ಮುನ್ನ ಕೇಳ್ತಾವ್ರೆ."

"ಚೆನ್ನಾಗಿದೀನಿ," ಎಂದೆ. ಅವಳು ನನ್ನ ಮುಖವನ್ನೇ ನೋಡುತ್ತ ನಿಂತಿದ್ದಳು. "ಒಂದ್ಸಲ ಈ ಕಡೆ ಬನ್ನಿ," ಎಂದೂ ಹೇಳಿಬಿಟ್ಟೆ. ಹೇಳಿದ ಮರುಗಳಿಗೆಯೇ, ದೇವರೇ, ಬಾರದೆ ಇರಲಿ ಎಂದುಕೊಂಡೆ.