ಕೇಪ್ ಹಾರ್ನ್‌ನಲ್ಲಿ ಕೇಳಿದ ಸೀಟಿ

ನಾನು ಇಂಥದ್ದನ್ನೆಲ್ಲ ನಂಬುವ ಪೈಕಿ ಅಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಸಮುದ್ರದಲ್ಲಿ ವರ್ಷಗಟ್ಟಲೆ ಕಳೆದವರ ಬಳಿ ಇಂಥ ಕಥೆಗಳಿಗೆ ಬರವಿಲ್ಲ. ಒಬ್ಬಂಟಿಯಾಗಿದ್ದಾಗ ಯಾರೋ ಪಕ್ಕದಲ್ಲಿ ಬಂದು ಕೂತರಂತೆ, ಸತ್ತುಹೋದ ಅಣ್ಣ ಬಂದು ಚುಕ್ಕಾಣಿ ಹಿಡಿದನಂತೆ. ಯಾರಾದರೂ ಶುರು ಮಾಡಿದರೆ ನಾನು, "ನಾಕು ದಿನ ನಿದ್ದೆ ಮಾಡ್ದೆ ಇದ್ರೆ ನನಗೂ ಬರ್ತಾರೆ ಬಿಡಿ" ಎಂದು ನಕ್ಕು ಎದ್ದುಹೋಗುತ್ತಿದ್ದೆ. ಈಗಲೂ ಬೇರೆಯವರು ಹೇಳಿದರೆ ನಂಬುತ್ತೇನೋ ಇಲ್ಲವೋ ಗೊತ್ತಿಲ್ಲ. ಆದರೆ ಇದು ನನಗೇ ಆದದ್ದು. ಎಷ್ಟು ವರ್ಷ ಯೋಚಿಸಿದರೂ ಅರ್ಥವಾಗಿಲ್ಲ. ನಡೆದದ್ದನ್ನು ನಡೆದ ಹಾಗೆ ಬರೆದಿಡುತ್ತೇನೆ. ನೀವು ಏನು ಬೇಕಾದರೂ ಅಂದುಕೊಳ್ಳಿ.

ನಮ್ಮ ಮನೆ ಯಲಹಂಕದ ಹಳೇ ಊರಿನಲ್ಲಿ. ಅಪ್ಪ ಸಿಟಿ ಬಸ್ಸಿನ ಕಂಡಕ್ಟರ್. ಯಲಹಂಕದಿಂದ ಮಾರ್ಕೆಟ್ಟಿಗೆ, ಮಾರ್ಕೆಟ್ಟಿನಿಂದ ಯಲಹಂಕಕ್ಕೆ, ಹೀಗೆ ಮೂವತ್ತು ವರ್ಷ ನಿಂತುಕೊಂಡೇ ಪ್ರಯಾಣ ಮಾಡಿದವರು. ಭಾನುವಾರಗಳಲ್ಲಿ ಅಮ್ಮನಿಗೆ ಸ್ವಲ್ಪ ಬಿಡುವಾಗಲಿ ಅಂತ ನನ್ನನ್ನೂ ಕರೆದುಕೊಂಡು ಹೋಗುತ್ತಿದ್ದರು. ನಾನು ಮುಂದಿನ ಸೀಟಿನಲ್ಲಿ ಕೂತು ಹೆಬ್ಬಾಳದ ಕೆರೆ ಯಾವಾಗ ಬರುತ್ತದೆ ಅಂತ ಕಾಯುತ್ತಿದ್ದೆ. ನೀರು ಕಂಡರೆ ಸಾಕು, ಕಿಟಕಿಯಿಂದ ಅರ್ಧ ಹೊರಗಿರುತ್ತಿದ್ದೆ. ಒಮ್ಮೆ, ಆರೇಳು ವರ್ಷ ಇರಬಹುದು, ಬಸ್ಸು ಇನ್ನೂ ನಿಲ್ಲುವ ಮೊದಲೇ ಇಳಿಯಲು ಬಾಗಿಲಿಗೆ ಓಡಿದೆ. ಹಿಂದಿನಿಂದ ಒಂದೇ ಒಂದು ಉದ್ದನೆಯ ಸೀಟಿ ಕೇಳಿತು. ಬಸ್ಸೂ ನಿಂತಿತು, ನಾನೂ ನಿಂತೆ. ನಾನು ಇಳಿಯಬೇಕಿದ್ದ ಕಡೆಯಿಂದ ಲಾರಿಯೊಂದು ಬಾಗಿಲಿಗೆ ತಾಗುವಷ್ಟು ಹತ್ತಿರದಲ್ಲಿ ನುಗ್ಗಿ ಹೋಯಿತು. ಅಪ್ಪ ಬೈಯಲಿಲ್ಲ. "ನೋಡಮ್ಮಾ, ಒಂದ್ ಸೀಟಿ ಕೇಳ್ತು ಅಂದ್ರೆ ಕಾಲು ನಿಲ್ಬೇಕು. ಎರಡು ಕೇಳಿದ್ರೆ ಹೋಗ್ಬೇಕು. ಯಾಕೆ ಏನು ಅಂತ ಆಮೇಲೆ ಕೇಳು" ಅಂದರು. ಆಮೇಲೆ ಅದು ನಮ್ಮಿಬ್ಬರ ಆಟವಾಯಿತು. ಮನೆಯಲ್ಲೂ ಬೀದಿಯಲ್ಲೂ ಅಪ್ಪ ಊದುತ್ತಿದ್ದರು, ನಾನು ನಿಲ್ಲುತ್ತಿದ್ದೆ, ಹೊರಡುತ್ತಿದ್ದೆ.

ಕಂಡಕ್ಟರ್ ಮಗಳು ಸಮುದ್ರಕ್ಕೆ ಹೇಗೆ ಹೋದಳು ಎಂಬುದು ದೊಡ್ಡ ಕಥೆಯೇನಲ್ಲ. ಕಾಲೇಜಿನ ಕೆಡೆಟ್ ತಂಡದಲ್ಲಿ ಕೆರೆಯ ಮೇಲೆ ಪುಟ್ಟ ಹಾಯಿದೋಣಿ ನಡೆಸುವುದನ್ನು ಕಲಿತೆ. ಆ ಹುಚ್ಚು ಬಿಡಲಿಲ್ಲ. ಗೋವಾದಲ್ಲಿ ಮಕ್ಕಳಿಗೆ ಹಾಯಿದೋಣಿ ಕಲಿಸುವ ಕೆಲಸಕ್ಕೆ ಸೇರಿದೆ. ಅಲ್ಲೊಬ್ಬ ನಿವೃತ್ತ ಕ್ಯಾಪ್ಟನ್ ತಮ್ಮ ಹಳೆಯ ದೋಣಿಯನ್ನು ನನ್ನ ಕೈಗೆ ಕೊಟ್ಟು, "ನನ್ನ ಮಂಡಿ ಹೋಯ್ತು, ನೀನಾದರೂ ಇದನ್ನ ಹಾರ್ನ್ ಸುತ್ತಿಸಿಕೊಂಡು ಬಾ" ಅಂದರು. ಕೇಪ್ ಹಾರ್ನ್ ಅಂದರೆ ದಕ್ಷಿಣ ಅಮೆರಿಕದ ತುತ್ತತುದಿಯ ಭೂಶಿರ. ಅಲ್ಲಿ ಗಾಳಿಗೆ ಅಡ್ಡ ನಿಲ್ಲುವ ನೆಲವೇ ಇಲ್ಲ. ಭೂಮಿಯನ್ನು ಸುತ್ತಿ ಬಂದ ಅಲೆಗಳು ಇಕ್ಕಟ್ಟಾದ, ಆಳ ಕಡಿಮೆಯಾದ ಜಾಗಕ್ಕೆ ಬಂದು ಎದ್ದು ನಿಲ್ಲುತ್ತವೆ. ಅಲ್ಲಿ ಮುಳುಗಿದ ಹಡಗುಗಳ ಲೆಕ್ಕ ಯಾರೂ ಇಟ್ಟಿಲ್ಲ.

ಗೋವಾದಿಂದ ನ್ಯೂಜಿಲೆಂಡ್‌ವರೆಗೆ ಒಬ್ಬಳೇ, ದೊಡ್ಡ ತೊಂದರೆಯಿಲ್ಲದೆ ಬಂದೆ. ಅಲ್ಲಿ ದೋಣಿ ರಿಪೇರಿ ಮಾಡಿಸುತ್ತಿದ್ದಾಗ ಅಮ್ಮ ಫೋನ್ ಮಾಡಿದಳು. ಅಪ್ಪನಿಗೆ ಲಕ್ವ ಹೊಡೆದಿತ್ತು. ಬಲಗೈ, ಬಲಗಾಲು ಬಿದ್ದುಹೋಗಿದ್ದವು. ಮಾತು ಪೂರ್ತಿ ನಿಂತಿತ್ತು.

ನಾನು ವಿಮಾನದ ಟಿಕೆಟ್ ನೋಡತೊಡಗಿದೆ. ಆದರೆ ಹಾರ್ನ್ ದಾಟಲು ಅಲ್ಲಿನ ಬೇಸಿಗೆಯ ಎರಡು ಮೂರು ತಿಂಗಳು ಬಿಟ್ಟರೆ ಆಗುವುದಿಲ್ಲ. ಈಗ ಬಿಟ್ಟರೆ ಇನ್ನೊಂದು ವರ್ಷ ಕಾಯಬೇಕು, ದೋಣಿಯೂ ನನ್ನದಲ್ಲ. ವಿಡಿಯೋ ಕಾಲ್ ಮಾಡಿದೆ. ಅಮ್ಮ ಫೋನನ್ನು ಅಪ್ಪನ ಮುಖದ ಮುಂದೆ ಹಿಡಿದಳು. ಬಾಯಿ ಒಂದು ಕಡೆಗೆ ಸೊಟ್ಟಗಾಗಿತ್ತು. ಕಣ್ಣು ಮಾತ್ರ ಅವರದೇ. "ಬಂದ್ಬಿಡ್ತೀನಪ್ಪಾ" ಅಂದೆ. ಅವರು ತಲೆ ಅಲ್ಲಾಡಿಸಲು ನೋಡಿದರು, ಆಗಲಿಲ್ಲ. ಎಡಗೈಯಲ್ಲಿ ದಿಂಬಿನ ಕೆಳಗೆ ತಡಕಾಡಿದರು. ಅಮ್ಮನನ್ನು ಕರೆಯಲು ಅಂತ ಅವರ ಹಳೆಯ ಡ್ಯೂಟಿ ಸೀಟಿಯನ್ನು ಅಲ್ಲಿಟ್ಟಿದ್ದರಂತೆ. ಅದನ್ನು ತುಟಿಗಿಟ್ಟು ಊದಿದರು. ಬಲಗಡೆಯಿಂದ ಗಾಳಿ ಸೋರಿಹೋಗಿ ಸರಿಯಾಗಿ ಶಬ್ದವೇ ಬರಲಿಲ್ಲ. ಮತ್ತೆ ಊದಿದರು. ಎರಡು ಸಲ.

ಅಮ್ಮ ಬಾಗಲೂರಿನ ಕಡೆಯವಳು, ಮಾತೂ ಆ ಕಡೆಯದೇ. "ಓಗು ಅಂತಾವ್ರೆ ಕಣಮ್ಮಾ" ಅಂತ ಅಳುತ್ತಲೇ ಹೇಳಿದಳು. "ನಾನಿವ್ನಿ, ನೋಡ್ಕಂತೀನಿ. ಓಗ್ಬುಟ್ಟು ಉಸಾರಾಗಿ ಬಾ."

ನಾನು ಹೊರಟೆ. ಸರಿ ಮಾಡಿದೆನೋ ತಪ್ಪು ಮಾಡಿದೆನೋ ಎಂದು ನಲವತ್ತು ದಿನ ಪ್ರತಿದಿನ ಕೇಳಿಕೊಂಡೆ. ಸುತ್ತ ಬೂದುಬಣ್ಣದ ನೀರು, ಮೇಲೆ ಬೂದುಬಣ್ಣದ ಆಕಾಶ, ಮಾತಾಡಲು ಯಾರೂ ಇಲ್ಲ. ಚಳಿಗೆ ಬೆರಳುಗಳು ಬಿರಿದಿದ್ದವು. ಅನ್ನಕ್ಕೆ ಅಮ್ಮ ಕಳಿಸಿದ್ದ ಚಟ್ನಿಪುಡಿ ಕಲಸಿಕೊಂಡು ತಿನ್ನುವಾಗಲೆಲ್ಲ, ಈಗ ಅಪ್ಪನಿಗೆ ಅವಳು ತುತ್ತು ಕೊಡುತ್ತಿರಬೇಕು ಅನ್ನಿಸಿ ತಟ್ಟೆಯನ್ನು ಪಕ್ಕಕ್ಕಿಡುತ್ತಿದ್ದೆ.

ಭೂಶಿರಕ್ಕೆ ಒಂದು ದಿನದ ದಾರಿ ಇರುವಾಗ ಬಿರುಗಾಳಿ ಹಿಡಿಯಿತು. ಅದಕ್ಕೂ ಮೊದಲೇ ಎರಡು ದಿನ ಸರಿಯಾಗಿ ಮಲಗಿರಲಿಲ್ಲ. ಹಾಯಿಗಳನ್ನೆಲ್ಲ ಇಳಿಸಿ, ಕರವಸ್ತ್ರದಷ್ಟು ಚಿಕ್ಕದೊಂದನ್ನು ಮಾತ್ರ ಬಿಟ್ಟು, ಬಾಗಿಲು ಮುಚ್ಚಿಕೊಂಡು ಕೆಳಗಿನ ಕೋಣೆಯಲ್ಲಿ ಕೂತೆ. ಗಾಳಿಯ ದಿಕ್ಕು ಹಿಡಿದು ತಾನೇ ಚುಕ್ಕಾಣಿ ತಿರುಗಿಸುವ ಸಾಧನವೊಂದು ದೋಣಿಯ ಹಿಂಭಾಗದಲ್ಲಿರುತ್ತದೆ. ರಾತ್ರಿಯಿಡೀ ಅದೇ ದೋಣಿಯನ್ನು ನಡೆಸಿತು.

ಬೆಳಕು ಹರಿಯುವ ಹೊತ್ತಿಗೆ ಹಿಂದೆ ಏನೋ ಪಟ್ ಎಂದಿತು. ಆ ಸಾಧನವನ್ನೂ ಚುಕ್ಕಾಣಿಯನ್ನೂ ಕಟ್ಟಿದ ಹಗ್ಗ ತುಂಡಾಗಿತ್ತು. ದೋಣಿ ನಿಧಾನವಾಗಿ ಅಲೆಗೆ ಅಡ್ಡ ತಿರುಗತೊಡಗಿತು. ಅಡ್ಡ ತಿರುಗಿದರೆ ಉರುಳುತ್ತದೆ. ಒಂದು ನಿಮಿಷವೂ ಕಾಯುವ ಹಾಗಿರಲಿಲ್ಲ. ಹೊಸ ಹಗ್ಗವೊಂದನ್ನು ಹೆಗಲಿಗೆ ಹಾಕಿಕೊಂಡು, ಬಾಗಿಲು ಸರಿಸಿ, ಮೇಲಕ್ಕೆ ಹೋಗುವ ಏಣಿಯ ಮೇಲೆ ಕಾಲಿಟ್ಟೆ. ಹೊರಗೆ ಕಾಲಿಡುವ ಮೊದಲು ಸೊಂಟದ ಪಟ್ಟಿಯನ್ನು ದೋಣಿಗೆ ಸಿಕ್ಕಿಸಿಕೊಳ್ಳಬೇಕು. ಮಕ್ಕಳಿಗೆ ನಾನು ಕಲಿಸುತ್ತಿದ್ದ ಮೊದಲ ಪಾಠವೇ ಅದು. ಆವತ್ತು ಆ ಗಡಿಬಿಡಿಯಲ್ಲಿ ಸಿಕ್ಕಿಸಿರಲಿಲ್ಲ.

ಆಗ ಸೀಟಿ ಕೇಳಿತು. ಒಂದೇ. ಉದ್ದನೆಯದು.

ಗಾಳಿಯ ಸದ್ದು ಇರಬೇಕು ಅಂತ ನೀವು ಅಂದುಕೊಳ್ಳುತ್ತೀರಿ. ಬಿರುಗಾಳಿ ಹಗ್ಗಗಳ ನಡುವೆ ನುಗ್ಗುವಾಗ ಕಿರುಚುತ್ತದೆ, ಊಳಿಡುತ್ತದೆ, ಆ ಸದ್ದುಗಳು ನನಗೆ ಚೆನ್ನಾಗಿ ಗೊತ್ತು. ಇದು ಹಾಗಿರಲಿಲ್ಲ. ಕಂಡಕ್ಟರ್ ಸೀಟಿಯೊಳಗೆ ಒಂದು ಸಣ್ಣ ಗುಂಡು ಇರುತ್ತದೆ, ಅದು ಗಿರಗಿರ ತಿರುಗುವ ಸದ್ದೂ ಕೇಳಿತು. ನನ್ನ ಬೆನ್ನ ಹಿಂದಿನಿಂದ, ದೋಣಿಯ ಒಳಗಿನಿಂದ ಬಂತು. ಫೋನಿನಲ್ಲಿ ಕೇಳಿದ ಹಾಗೆ ಸೋರುವ ಸದ್ದಲ್ಲ, ತುಂಬಿದ ಬಸ್ಸಿನಲ್ಲಿ ಡ್ರೈವರ್‌ಗೆ ಕೇಳಿಸುವ ಹಾಗೆ ಊದುತ್ತಿದ್ದರಲ್ಲ, ಹಾಗೆ.

ನನ್ನ ಕಾಲು ನಿಂತಿತು. ನಾನು ನಿಲ್ಲಿಸಿದ್ದಲ್ಲ. ಕೈ ತಾನಾಗಿಯೇ ಬಾಗಿಲನ್ನು ಎಳೆದು ಮುಚ್ಚಿತು. ಮರುಕ್ಷಣವೇ ಅಲೆ ಬಡಿಯಿತು.

ದೋಣಿ ಪೂರ್ತಿ ಮಗ್ಗುಲಾಯಿತು. ಕಿಟಕಿಯ ಆಚೆ ಹಸಿರು ಕತ್ತಲು. ಪಾತ್ರೆ, ಡಬ್ಬಿ, ಪುಸ್ತಕ, ನಾನು, ಎಲ್ಲ ಒಟ್ಟಿಗೆ ಇನ್ನೊಂದು ಗೋಡೆಗೆ ಹೋಗಿ ಬಿದ್ದೆವು. ಎಷ್ಟು ಹೊತ್ತೋ ಗೊತ್ತಿಲ್ಲ, ಆಮೇಲೆ ದೋಣಿ ನಡುಗುತ್ತ ಎದ್ದು ನಿಂತಿತು. ನಾನು ಮತ್ತೆ ಏಣಿಗೆ ಹಾರಿದೆ. ಮತ್ತೆ ಒಂದು ಸೀಟಿ. ಏಣಿಯ ಮೆಟ್ಟಿಲ ಮೇಲೆ ಕುಸಿದು ಕೂತೆ. "ಅಪ್ಪಾ, ಹೋಗ್ಬೇಕಪ್ಪಾ" ಅಂತ ಗಟ್ಟಿಯಾಗಿ ಹೇಳಿದ್ದು ನೆನಪಿದೆ. ಎರಡನೆಯ ಅಲೆ ಬಂತು. ಅದು ಮೊದಲಿನಷ್ಟು ದೊಡ್ಡದಲ್ಲ. ಅಲ್ಲೇ ಕೂತು ಕಾದೆ. ತುಂಬ ಹೊತ್ತು ಕಾದೆ ಅನ್ನಿಸಿತು. ಆಮೇಲೆ ಚಿಕ್ಕದಾಗಿ, ಬೇಗ ಬೇಗ, ಎರಡು ಕೇಳಿದವು.

ಹೊರಗೆ ಹೋದೆ. ಸೊಂಟದ ಪಟ್ಟಿ ಸಿಕ್ಕಿಸಿಕೊಂಡೇ ಹೋದೆ. ನಾನು ಮೊದಲು ನಿಲ್ಲಬೇಕಿದ್ದ ಜಾಗದಲ್ಲಿ ಕಬ್ಬಿಣದ ಕಟಕಟೆ ಬುಡಸಮೇತ ಕಿತ್ತುಹೋಗಿತ್ತು. ಹೊಸ ಹಗ್ಗ ಕಟ್ಟಲು ಅರ್ಧ ಗಂಟೆ ಹಿಡಿಯಿತು. ಅಷ್ಟು ಹೊತ್ತೂ ಒಂದು ದೊಡ್ಡ ಅಲೆಯೂ ದೋಣಿಯ ಮೇಲೆ ಮುರಿದು ಬೀಳಲಿಲ್ಲ. ಒಳಗೆ ಬಂದು ದೋಣಿಯ ದಿನಚರಿ ಪುಸ್ತಕ ಹುಡುಕಿ, ಒದ್ದೆ ಹಾಳೆಯ ಮೇಲೆ ವೇಳೆ ಬರೆದೆ. ಮುಂದೆ, "ಒಂದು ಸೀಟಿ. ನಿಂತೆ. ಮತ್ತೆ ಒಂದು. ಆಮೇಲೆ ಎರಡು" ಎಂದು ಬರೆದೆ. ಆವತ್ತು ಮಧ್ಯಾಹ್ನದ ಹೊತ್ತಿಗೆ ಮೋಡದ ನಡುವೆ ಕಪ್ಪು ಬಂಡೆಯೊಂದು ಕಾಣಿಸಿತು. ಅದೇ ಕೇಪ್ ಹಾರ್ನ್. ಅದನ್ನು ನೋಡುತ್ತ ನಾನು ಅತ್ತೆ. ಸಂತೋಷಕ್ಕೆ ಅಂತ ಹೇಳಲಾರೆ.

ಐದು ದಿನದ ನಂತರ ದ್ವೀಪವೊಂದರ ಬಂದರು ಸೇರಿ ಮನೆಗೆ ಫೋನ್ ಮಾಡಿದೆ. ದೋಣಿಯಲ್ಲಿದ್ದ ಉಪಗ್ರಹ ಫೋನು ಆ ಅಲೆಯಲ್ಲಿ ನೀರು ಕುಡಿದು ಸತ್ತಿತ್ತು. ಅಷ್ಟು ದಿನವೂ ನಾನು ಬದುಕಿದ್ದೇನೋ ಇಲ್ಲವೋ ಅವರಿಗೆ ಗೊತ್ತಿರಲಿಲ್ಲ. ಅಮ್ಮ ಸ್ವಲ್ಪ ಹೊತ್ತು ಬರೀ ಅತ್ತಳು. ಆಮೇಲೆ, ನಾನು ಏನೊಂದೂ ಹೇಳುವ ಮೊದಲೇ, ತಾನೇ ಶುರು ಮಾಡಿದಳು.

"ನಿಮ್ಮಪ್ಪಂಗೆ ಏನೋ ಆಗಿತ್ತು ಕಣಮ್ಮಾ, ಐದಾರ್ ದಿನದ್ ಕೆಳ್ಗೆ. ಉಂಡು ಮಲ್ಗವ್ರೆ ಅಂತ ನಾನು ಪಾತ್ರೆ ತೊಳೀತಿದ್ದೆ. ಪೀಪಿ ಊದುದ್ರು ನೋಡು, ಬೀದಿಗೆಲ್ಲ ಕೇಳಂಗೆ! ಎದ್ರಿಕೊಂಡು ಓಡ್ಬಂದೆ. ಎದ್ದು ಕೂತವ್ರೆ! ಯಾರೂ ಇಡ್ಕಂಡಿಲ್ಲ, ಅವ್ರೇ ಎದ್ದು ಕೂತವ್ರೆ. ಏನ್ರೀ ಬೇಕು ಅಂದ್ರೆ ಎಡಗೈ ಇಂಗೆ ಅಡ್ಡ ಇಟ್ಟು, ತಡಿ ಅಂತಾರೆ. ಇನ್ನೊಂದ್ಸಲ ಊದುದ್ರು. ಆಮೇಲೆ ಸುಮ್ಕೆ ಕೂತಿದ್ರು, ಬೆವರು ಸುರೀತಿತ್ತು. ಒಸಿ ಒತ್ತಾದ್ ಮೇಲೆ ಎರಡ್ಸಲ ಊದ್ಬುಟ್ಟು ಮಲ್ಗುದ್ರು. ಸಂಜೆಗಂಟ ಏಳ್ಲಿಲ್ಲ."

"ಎಷ್ಟ್ ಗಂಟೆಗಮ್ಮಾ?" ಅಂದೆ. ಅವಳಿಗೆ ಗೊತ್ತಿರಲಿಲ್ಲ. ಪಕ್ಕದ ಮನೆಯ ನೂರ್‌ಜಹಾನ್ ಆಂಟಿಯನ್ನು ಕೂಗಿದಳು. ಸೀಟಿ ಕೇಳಿ ಅವರೂ ಓಡಿ ಬಂದಿದ್ದರಂತೆ.

"ನಾನು ಮಧ್ಯಾಹ್ನದ ಜೊಹರ್ ನಮಾಜ್ ಮುಗ್ಸಿ ಚಾಪೆ ಮಡಚ್ತಾ ಇದ್ದೆ ಬೇಟಾ, ಒಂದೂವರೆ ಮೇಲೆ ಆಗಿತ್ತು" ಅಂದರು. "ಯಾ ಅಲ್ಲಾ, ಭಾಯ್‌ಸಾಬ್‌ಗೆ ಏನಾಯ್ತು ಅಂತ ಹಂಗೇ ಓಡ್ಬಂದೆ."

ನನ್ನ ಪುಸ್ತಕದಲ್ಲಿದ್ದ ವೇಳೆಯನ್ನು ನಮ್ಮ ಊರಿನ ವೇಳೆಗೆ ಬದಲಿಸಿದರೆ ಮಧ್ಯಾಹ್ನ ಒಂದೂ ನಲವತ್ತು.

ಇಲ್ಲಿಗೆ ನಿಲ್ಲಿಸಿದರೆ ಕಥೆ ಚೆನ್ನಾಗಿರುತ್ತದೆ. ಆದರೆ ಪ್ರಾಮಾಣಿಕವಾಗಿ ಎಲ್ಲವನ್ನೂ ಹೇಳಬೇಕು. ಅದು ಬುಧವಾರ ಎಂದು ನೂರ್‌ಜಹಾನ್ ಆಂಟಿ ಹೇಳುತ್ತಾರೆ, ನನ್ನ ಪುಸ್ತಕದಲ್ಲೂ ಬುಧವಾರ. ಅಮ್ಮ ಮಾತ್ರ ಇವತ್ತಿಗೂ, "ಮಂಗಳವಾರ ಕಣೆ, ಅವತ್ತು ತಲೆಗೆ ನೀರಾಕಂಡಿದ್ದೆ" ಅನ್ನುತ್ತಾಳೆ. ನನ್ನ ಪುಸ್ತಕದ ವೇಳೆಯೂ ಎಲ್ಲ ಮುಗಿದ ಮೇಲೆ ಅಂದಾಜಿನಲ್ಲಿ ಬರೆದದ್ದು. ನಾನು ಎರಡು ಮೂರು ದಿನ ನಿದ್ದೆಗೆಟ್ಟವಳು. ಅಪ್ಪನ ಚಿಂತೆ ತಲೆಯಲ್ಲಿ ತುಂಬಿಕೊಂಡಿತ್ತು. ಮಿದುಳು ತನಗೆ ಗೊತ್ತಿದ್ದ ಒಂದು ಸದ್ದನ್ನು ತಾನೇ ಹುಟ್ಟಿಸಿಕೊಂಡಿರಬಹುದು. ಅಲೆ ಬರುತ್ತಿರುವುದನ್ನು ದೋಣಿಯ ಓಲಾಟದಿಂದಲೇ ನನ್ನ ಮೈ ತಿಳಿದುಕೊಂಡಿರಬಹುದು. ನನಗೆ ತಿಳಿದ ವೈದ್ಯರೊಬ್ಬರು ಹೀಗೇ ಹೇಳಿದರು. ಅವರ ಮಾತಿನಲ್ಲಿ ತಪ್ಪೇನೂ ಕಾಣಲಿಲ್ಲ. ಆದರೆ ಯಲಹಂಕದ ಮನೆಯಲ್ಲಿ ಅಪ್ಪ ಯಾಕೆ ಎದ್ದು ಕೂತರು ಎಂದು ಕೇಳಿದಾಗ, ಆ ವೇಳೆಯನ್ನು ಇನ್ನೊಮ್ಮೆ ಹೇಳಿ ಎಂದರು.

ಮನೆಗೆ ಬರಲು ಇನ್ನೂ ಐದು ತಿಂಗಳು ಹಿಡಿಯಿತು. ಅಪ್ಪ ಗೋಡೆ ಹಿಡಿದು ನಾಲ್ಕು ಹೆಜ್ಜೆ ಇಡುವಂತಾಗಿದ್ದರು. ಮಾತಿನಲ್ಲಿ ಒಂದೇ ಒಂದು ಪದ ವಾಪಸ್ ಬಂದಿತ್ತು. "ಬಾ." ಹಾಲಿನವನಿಗೂ ಬಾ, ಕಾಗೆಗೂ ಬಾ. ವ್ಯಾಯಾಮ ಮಾಡಿಸುವವರು ಬಂದಾಗಲೂ ಬಾ, ಹೊರಟಾಗಲೂ ಬಾ. ನೀರು ಬೇಕಾದರೂ, ಬೇಡವಾದರೂ ಅದೇ. ನನ್ನನ್ನು ಕಂಡಾಗಲೂ ಅದನ್ನೇ ಅಂದರು. ಎಡಗೈ ಚಾಚಿ ಎಷ್ಟೋ ಸಲ ಅಂದರು.

ಎರಡು ದಿನ ಬಿಟ್ಟು, ಅವರ ಮಂಚದ ಪಕ್ಕ ಕುರ್ಚಿ ಹಾಕಿಕೊಂಡು ಎಲ್ಲವನ್ನೂ ಹೇಳಿದೆ. ಹಗ್ಗ ತುಂಡಾದದ್ದು, ಏಣಿ, ಅಲೆ. ಕಣ್ಣು ಅರಳಿಸಿಕೊಂಡು ಕೇಳಿದರು. ದೋಣಿ ಮಗ್ಗುಲಾದ ಕಡೆ ಅವರ ಎಡಗೈ ಮಂಚದ ಅಂಚನ್ನು ಬಿಗಿಯಾಗಿ ಹಿಡಿಯಿತು. ಮೊದಲ ಸಲ ಕೇಳುತ್ತಿರುವವರ ಹಾಗಿದ್ದರೋ, ಗೊತ್ತಿದ್ದವರ ಹಾಗಿದ್ದರೋ, ನಾನು ಎಷ್ಟು ನೋಡಿದರೂ ತಿಳಿಯಲಿಲ್ಲ.

"ಅವತ್ತು ನನಗೇ ಅಂತ ಊದಿದ್ರಾ ಅಪ್ಪಾ?" ಅಂದೆ.

"ಬಾ" ಅಂದರು.

"ಇಲ್ಲಾ, ಸುಮ್ನೆ ಊದಿದ್ರಾ?"

"ಬಾ."

ಅಪ್ಪ ಅದಾದ ಮೇಲೆ ಒಂದೂವರೆ ವರ್ಷ ಇದ್ದರು. ನಾನು ಆಗಾಗ ಕೇಳುತ್ತಲೇ ಇದ್ದೆ. ಬೇರೆ ಬೇರೆ ರೀತಿ ಕೇಳಿದೆ, ಅವರು ಗೆಲುವಾಗಿದ್ದಾಗ ನೋಡಿ ಕೇಳಿದೆ. ಪ್ರತಿಸಲವೂ ಉತ್ತರ ಅದೊಂದೇ. ಹೌದು ಅಂದರೋ ಅಲ್ಲ ಅಂದರೋ ನನಗೆ ಗೊತ್ತಾಗಲಿಲ್ಲ, ಇನ್ನು ಗೊತ್ತಾಗುವುದೂ ಇಲ್ಲ. ಆದರೆ ಅವರು ಹಾಗಂದಾಗಲೆಲ್ಲ ನಾನು ಕುರ್ಚಿಯನ್ನು ಇನ್ನೊಂದಿಷ್ಟು ಅವರ ಹತ್ತಿರಕ್ಕೆ ಎಳೆದುಕೊಳ್ಳುತ್ತಿದ್ದೆ.