ಅಮಾವಾಸ್ಯೆಯ ದಿನ ತಿದ್ದಿದ ವಿವರ

ತೊಂಬತ್ತರ ದಶಕದ ಕೊನೆಯಲ್ಲಿ ನಾನು ದಾವಣಗೆರೆಯಲ್ಲಿ ವಧು-ವರರ ಮಾಹಿತಿ ಕೇಂದ್ರ ನೋಡಿಕೊಳ್ಳುತ್ತಿದ್ದೆ. ಹರಿಹರದ ಶಾಖೆ ಒಬ್ಬ ನಿವೃತ್ತ ಪೋಸ್ಟ್‌ಮಾಸ್ಟರ್ ಕೈಯಲ್ಲಿತ್ತು. ಎರಡೂ ಕಡೆ ಒಂದೊಂದು ಕಂಪ್ಯೂಟರ್. ಪ್ರತಿ ಶನಿವಾರ ಅವರು ಫ್ಲಾಪಿಯನ್ನು ಸ್ಟೀಲ್ ಡಬ್ಬಿಯಲ್ಲಿಟ್ಟುಕೊಂಡು ಬಸ್ಸಿನಲ್ಲಿ ಬರುತ್ತಿದ್ದರು. ಅದರಲ್ಲಿದ್ದ ವಿವರಗಳನ್ನು ನಾನು ನನ್ನ ಪಟ್ಟಿಗೆ ಸೇರಿಸಿಕೊಳ್ಳುತ್ತಿದ್ದೆ.

ಮೊದಮೊದಲು ತಿದ್ದಿದ ವಿವರವೂ ಹೊಸ ಹೆಸರಾಗಿ ಸೇರಿ, ಒಂದೇ ಹುಡುಗಿ ಎರಡು ಕಡೆ ಕಾಣುತ್ತಿದ್ದಳು. "ಅಕ್ಕ-ತಂಗಿ ಇಬ್ರೂ ಅದಾರೇನ್ರಿ? ಹಂಗಾದ್ರ ದೊಡ್ಡಾಕಿನ್ನ ತೋರಿಸ್ರಿ" ಎಂದು ಒಬ್ಬ ವರನ ತಾಯಿ ಕೇಳಿದ್ದುಂಟು. ಆಮೇಲೆ ಪ್ರತಿ ಹೆಸರಿಗೂ ಎರಡು ತಾರೀಕು ಬಂದವು: ಸೇರಿಸಿದ್ದು ಮತ್ತು ತಿದ್ದಿದ್ದು. ಹಿಂದಿನ ಶನಿವಾರದ ಈಚೆಗೆ ಸೇರಿಸಿದ್ದಾದರೆ ಹೊಸಬರು. ಸೇರಿಸಿದ್ದು ಹಳೆಯದಾಗಿ, ತಿದ್ದಿದ್ದು ಮಾತ್ರ ಈಚಿನದಾದರೆ ಹಳಬರೇ; ನನ್ನ ಹಳೆಯ ವಿವರ ಹೋಗಿ ಹೊಸದು ಕೂರುತ್ತಿತ್ತು. ಎರಡೂ ಹಳೆಯವಾದರೆ ಫ್ಲಾಪಿಗೇ ಹತ್ತುತ್ತಿರಲಿಲ್ಲ. ತಾರೀಕು ಹಾಕುತ್ತಿದ್ದುದು ಕಂಪ್ಯೂಟರಿನ ಗಡಿಯಾರ.

ಒಂದು ಸೋಮವಾರ ಮಲೆಬೆನ್ನೂರು ಕಡೆಯ ಶಾಲೆಯೊಂದರ ಟೀಚರ್ ರಜೆ ಹಾಕಿ ಬಂದಳು. ಕೂಡ್ರಿ ಅಂದರೂ ಕೂರಲಿಲ್ಲ.

"ಅಕ್ಕಾ, ಮದುವಿ ಆದ್ಮ್ಯಾಲೆ ಕೆಲ್ಸ ಬಿಡ್ತಾಳ ಅಂತ ನಿಮ್ಮಲ್ಲಿ ಇನ್ನೂ ಐತಲ್ರಿ. ಮೂರು ವಾರದ ಹಿಂದೆ ಹರಿಹರದಾಗ ಅದನ್ನ ತೆಗ್ಸೀನಿ!"

ಆ ಸಾಲನ್ನು ಬರೆಸಿದ್ದವರು ಅವಳ ಅಪ್ಪ. ಅವರನ್ನು ಹಟ ಹಿಡಿದು ಒಪ್ಪಿಸಿ, ಅವಳೇ ಹೋಗಿ ತೆಗೆಸಿದ್ದಳು. ಹಿಂದಿನ ದಿನ ಆನಗೋಡಿನ ಗಂಡಿನ ಕಡೆಯವರು ನಾನು ಕೊಟ್ಟ ವಿವರದ ಹಾಳೆ ಓದಿಕೊಂಡು ನೋಡಲು ಬಂದಾಗ ಅವಳು ಕೆಲಸ ಬಿಡಲ್ಲ ಅಂದಿದ್ದಕ್ಕೆ, ಅವರು ಉಪ್ಪಿಟ್ಟಿನ ತಟ್ಟೆ ಮುಟ್ಟದೆ ಎದ್ದುಹೋಗಿದ್ದರು.

"ಇನ್ನೊಂದ್ಸಲ ಹಿಂಗಾದ್ರ ಕೆಲ್ಸಾನ ಬಿಡಿಸ್ತೀನಿ ಅಂತಾರ ಅಪ್ಪ."

ಮುಂದಿನ ಭಾನುವಾರ ಅವಳನ್ನು ನೋಡಲು ಹೋಗಬೇಕಿದ್ದ ಹದಡಿಯವರಿಗೂ ನಾನು ಅದೇ ಹಳೆಯ ಹಾಳೆ ಕೊಟ್ಟಿದ್ದೆ.

ಇಬ್ಬರೂ ಹರಿಹರದ ಬಸ್ಸು ಹತ್ತಿದೆವು. ಅಲ್ಲಿನ ಕಂಪ್ಯೂಟರಿನಲ್ಲಿ ವಿವರ ಸರಿಯಾಗಿಯೇ ಬದಲಾಗಿತ್ತು. ಆದರೆ ತಿದ್ದಿದ ತಾರೀಕು ಅವಳು ಅಲ್ಲಿಗೆ ಹೋದ ದಿನಕ್ಕಿಂತ ಹನ್ನೊಂದು ದಿನ ಹಿಂದಿನದು! ಹಿಂದಿನ ಶನಿವಾರಕ್ಕೂ ಮೊದಲಿನ ತಾರೀಕಾದ್ದರಿಂದ ಅದು ಫ್ಲಾಪಿಗೆ ಹತ್ತಿರಲೇ ಇಲ್ಲ.

"ಮಾಸ್ತರ್ರೇ, ಇದು ಯಾಕ ಹಿಂಗೈತೆ?" ಎಂದೆ.

"ಅವತ್ತು ಅಮಾವಾಸಿ ಇತ್ತವ್ವ" ಅಂದರು ಪೋಸ್ಟ್‌ಮಾಸ್ಟರ್, ಏನೂ ಆಗಿಲ್ಲವೆಂಬಂತೆ. "ಹೆಣ್ಣುಮಗಳ ಮದುವಿ ವಿಚಾರ. ಗಡಿಯಾರ ಹಿಂದಕ್ಕ ತಿರುಗಿಸಿ, ಒಂದು ಒಳ್ಳೇ ಗುರುವಾರ ನೋಡಿ ಬರ್ದೆ. ಆಮ್ಯಾಲೆ ಮತ್ತೆ ಸರಿ ಮಾಡಿಟ್ಟೀನಿ."

"ಪೋಸ್ಟಾಫೀಸ್ನಾಗ ಯಾವತ್ತಾದ್ರೂ ಹಿಂದಿನ ತಾರೀಕಿನ ಮುದ್ರೆ ಒತ್ತೀರೇನ್ರಿ?" ಎಂದು ನಾನು ಕೇಳಿದೆ.

"ಛೆ ಛೆ! ಕಾಗದದ್ದು ಬ್ಯಾರೆ, ಮದುವೀದು ಬ್ಯಾರೆ."

ಟೀಚರ್ ಅಷ್ಟರಲ್ಲಿ ನಕ್ಕುಬಿಟ್ಟಳು. "ನನ್ನ ಒಳ್ಳೇದಕ್ಕ ಮಾಡೀರಿ, ಮಾಸ್ತರ್ರೇ. ಆದ್ರ ನಾನು ಆ ಗುರುವಾರದಾಗೇ ಸಿಕ್ಕೊಂಡುಬಿಟ್ಟೀನಲ್ರಿ!"

ಹುಡುಕಿದರೆ ಹಾಗೆ ಒಳ್ಳೆಯ ದಿನಗಳಲ್ಲಿ ಸಿಕ್ಕಿಕೊಂಡವರು ಇನ್ನೂ ಆರು ಮಂದಿ ಇದ್ದರು. ಎಲ್ಲರ ವಿವರವನ್ನೂ ಅವತ್ತಿನ ತಾರೀಕಿಗೆ ಮತ್ತೆ ತಿದ್ದಿಸಿ, ಫ್ಲಾಪಿಯನ್ನು ನಾನೇ ತಂದೆ. ಆಮೇಲೆ ವಿವರದ ಕೊನೆಗೆ 'ಒಳ್ಳೆಯ ದಿನ' ಎಂದು ಬೇರೆ ಜಾಗ ಮಾಡಿಸಿದೆವು. ಅಲ್ಲಿ ಮಾಸ್ತರರು ಏನಾದರೂ ಬರೆದುಕೊಳ್ಳಲಿ, ಗಡಿಯಾರ ಮಾತ್ರ ಮುಟ್ಟುವಂತಿಲ್ಲ.

ಹದಡಿಯವರಿಗೆ ಹೊಸ ಹಾಳೆ ಕೊಟ್ಟು, "ಆಕಿ ಕೆಲ್ಸ ಬಿಡೋದಿಲ್ಲ, ಒಪ್ಪಿಗಿದ್ರ ಮಾತ್ರ ಹೋಗ್ರಿ" ಅಂದೆ. ಹುಡುಗನ ತಾಯಿ ಓದಿ, ಮಡಚಿ, ಚೀಲದಲ್ಲಿಟ್ಟುಕೊಂಡರು. ಭಾನುವಾರ ಹೋದರು.

ಒಂದೂವರೆ ತಿಂಗಳ ನಂತರದ ಫ್ಲಾಪಿಯಲ್ಲಿ ಟೀಚರಮ್ಮನ ವಿವರ ಮತ್ತೆ ಬಂತು: 'ಹದಡಿಗೆ ನಿಶ್ಚಯವಾಗಿದೆ. ಕೆಲಸ ಮುಂದುವರಿಯುತ್ತದೆ.' ಒಳ್ಳೆಯ ದಿನದ ಜಾಗ ಖಾಲಿಯಿತ್ತು. ತಿದ್ದಿದ ತಾರೀಕು ನೋಡಿ, ಗೋಡೆಯ ಕ್ಯಾಲೆಂಡರ್ ನೋಡಿದೆ. ಅಮಾವಾಸ್ಯೆ!

"ನಾ ಬ್ಯಾಡ ಅಂದೆ" ಅಂದರು ಮಾಸ್ತರರು, ಖಾಲಿ ಡಬ್ಬಿ ಮುಚ್ಚುತ್ತ. "ಕೇಳ್ಬೇಕಲ್ಲ ಆಕಿ! ಇವತ್ತೇ ಬರೀರಿ, ನನ್ನ ಬಸ್ಸಿಗೆ ಹೊತ್ತಾತು ಅಂದ್ಲು."