ಅಕ್ಕಾತಾಯಿಯವರ ಪಾಸ್‌ವರ್ಡ್

ಬೆಳಿಗ್ಗೆ ಚಹಾ ಕುಡಿಯುತ್ತ ಮೊಬೈಲ್ ತೆರೆದರೆ, ಪಾಸ್‌ವರ್ಡ್ ಬದಲಿಸಿ ಎಂದು ಅದು ನನಗೇ ಅಪ್ಪಣೆ ಮಾಡಿತು. ಒಂದು ಕಾಲಕ್ಕೆ ಈ ಅಪ್ಪಣೆಯನ್ನು ಊರಿಗೆಲ್ಲ ಕೊಡುತ್ತಿದ್ದವನು ನಾನು. ಚಿಕ್ಕೋಡಿಯ ಒಂದು ಪತ್ತಿನ ಸೊಸೈಟಿಯಲ್ಲಿ ಕಂಪ್ಯೂಟರ್ ಉಸ್ತುವಾರಿ ನನ್ನದಿತ್ತು. ನಿಪ್ಪಾಣಿಯಲ್ಲಿ ಒಂದು ಕೋರ್ಸ್ ಮಾಡಿದ್ದೆ ಎಂಬುದೇ ಅರ್ಹತೆ. ಪ್ರಿಂಟರಿನಲ್ಲಿ ಕಾಗದ ಸಿಕ್ಕಿಕೊಂಡರೂ ನನ್ನನ್ನೇ ಕರೆಯುತ್ತಿದ್ದರು, ನಾನೂ ದೊಡ್ಡ ಡಾಕ್ಟರನ ಗತ್ತಿನಲ್ಲಿ ಹೋಗುತ್ತಿದ್ದೆ.

ಪ್ರತಿ ಶಾಖೆಯಲ್ಲೂ ಒಬ್ಬರ ಹತ್ತಿರ ಮಾತ್ರ ಅಡ್ಮಿನ್ ಪಾಸ್‌ವರ್ಡ್ ಇರುತ್ತಿತ್ತು. ಬೆಳಿಗ್ಗೆ ಅದನ್ನು ಹೊಡೆದರೇ ಮುಖ್ಯ ಕಂಪ್ಯೂಟರ್ ತೆರೆಯುವುದು. ಯಾರಿಗೂ ಹೇಳಬಾರದು, ಮೂರು ತಿಂಗಳಿಗೊಮ್ಮೆ ಬದಲಿಸಬೇಕು ಎಂದು ನಾನು ಸುತ್ತೋಲೆ ಕಳಿಸುತ್ತಿದ್ದೆ. ಬದಲಿಸಿದ್ದೇವೆ ಎಂಬ ವರದಿ ಸಕಾಲಕ್ಕೆ ಬರುತ್ತಿತ್ತು. ಬದಲಾಗುತ್ತಿದ್ದದ್ದು ವರದಿಯ ಮೇಲಿನ ತಾರೀಖು ಮಾತ್ರ.

ಕುಡಚಿ ಶಾಖೆಯ ಮ್ಯಾನೇಜರ್ ಅಕ್ಕಾತಾಯಿಯವರು ಅಥಣಿಗೆ ಮದುವೆಗೆ ಹೋದ ದಿನ ಶಾಖೆಯ ಕೆಲಸವೇ ಶುರುವಾಗಲಿಲ್ಲ. ನಾನು ಅಲ್ಲಿಗೆ ಹೋಗಿ, ನನ್ನದೇ ಸುತ್ತೋಲೆಯನ್ನು ಮರೆತು, ಫೋನಿನಲ್ಲಿ ಪಾಸ್‌ವರ್ಡ್ ಕೇಳಿದೆ. ಅವರು ಮಾತೇ ಆಡಲಿಲ್ಲ. ನಿಯಮಕ್ಕೆ ಇಷ್ಟು ಮರ್ಯಾದೆಯೇ ಎಂದು ಒಳಗೊಳಗೇ ಉಬ್ಬಿದೆ. ಆಮೇಲೆ ಸಣ್ಣ ದನಿ ಬಂತು: "ಹೆಂಗ ಹೇಳ್ಲಿರಿ ಸರ? ನಮ್ಮನಿಯವರ ಹೆಸರು ಇಟ್ಟೇನಿ."

ಗಂಡನ ಹೆಸರನ್ನು ಅವರು ಬಾಯಿಬಿಟ್ಟು ಹೇಳುವವರಲ್ಲ. ಮದುವೆಮನೆಗಳಲ್ಲಿ ಹೆಂಗಸರು ಅಡ್ಡಗಟ್ಟಿ, ಗಂಡನ ಹೆಸರು ಸೇರಿಸಿ ಒಡಪಿನ ಪದ ಹೇಳು ಎಂದು ಕಾಡಿದರೂ ನಾಚಿ ತಪ್ಪಿಸಿಕೊಳ್ಳುತ್ತಿದ್ದರಂತೆ. ಕಡೆಗೆ ಫೋನನ್ನು ಗಂಡನ ಕೈಗೇ ಕೊಟ್ಟರು. ಅವರು ಬ್ಯಾಂಡಿನ ಸದ್ದನ್ನೂ ಮೀರಿಸಿ, ರಾವಸಾಬ, ಮೊದಲಿನ ಅಕ್ಷರ ದೊಡ್ಡದು ಎಂದು ಬಿಡಿಸಿ ಬಿಡಿಸಿ ಹೇಳಿದರು. ನಮ್ಮ ಸೊಸೈಟಿಯ ಭದ್ರತೆ ಇಡೀ ಮದುವೆ ಮಂಟಪಕ್ಕೆ ಬಾಯಿಪಾಠವಾಯಿತು.

ಕೆಲವು ವರ್ಷಗಳ ಮೇಲೆ ರಾವಸಾಬರು ತೀರಿಕೊಂಡರು. ಅದೇ ವರ್ಷ ತಪಾಸಣೆಯವರು ಬಂದು, ಹಳೆಯ ಪಾಸ್‌ವರ್ಡ್ ಇರುವ ಶಾಖೆಯ ಸಂಪರ್ಕವನ್ನೇ ಕಡಿಯಬೇಕು ಎಂದು ಹೇಳಿ ಹೋದರು. ಎಲ್ಲರೂ ಬದಲಿಸಿದರು, ಕುಡಚಿ ಒಂದು ಬಿಟ್ಟು. ನಾನೇ ಹೋಗಿ, ನಿಯಮ, ಕಳ್ಳರು, ಹೊಣೆ ಎಂದು ಉದ್ದಕ್ಕೆ ಭಾಷಣ ಬಿಗಿದೆ. ಅಕ್ಕಾತಾಯಿಯವರು ಪೂರ್ತಿ ಕೇಳಿಸಿಕೊಂಡು, ಕೀಬೋರ್ಡಿನ ಮೇಲಿನ ಕೈ ತೆಗೆಯದೆ ಹೇಳಿದರು: "ಅವರು ಇದ್ದಾಗ ಬಾಯಿಲೆ ಒಮ್ಮಿನೂ ಅನ್ನಲಿಲ್ಲರಿ. ದಿನಾ ಮುಂಜಾನೆ ಇಲ್ಲೆ ಬೆರಳಿಲೆ ಅಂತೇನಿ. ಇದನ್ನೂ ತಗದ್ರ ಎಲ್ಲೆ ಅನ್ನಲಿ?"

ನನಗೆ ಸಂಕಟವಾಯಿತು. ಆದರೂ ಶಾಖೆ ಮುಚ್ಚುವಂತಿರಲಿಲ್ಲ. ಕಡೆಗೆ ಅವರೇ ಮುಂದಾದರು. ಹೊಸದನ್ನು ಹಾಕುವ ಮೊದಲು ಕಂಪ್ಯೂಟರ್ ಹಳೆಯದನ್ನು ಒಮ್ಮೆ ಕೇಳುತ್ತದೆ. ಒಂದೊಂದೇ ಅಕ್ಷರ ಒತ್ತಿದರು, ಪರದೆಯ ಮೇಲೆ ಬರೀ ಚುಕ್ಕಿಗಳು ಮೂಡಿದವು. ಆಮೇಲೆ, ನಾನು ಎದುರಿಗಿದ್ದೇನೆ ಎಂಬುದನ್ನೂ ಮರೆತು, "ರಾವಸಾಬ" ಎಂದರು, ಒಳಗಿದ್ದವರನ್ನು ಊಟಕ್ಕೆ ಕರೆದ ಹಾಗೆ.

ಇವತ್ತು ಚಹಾ ಆರಿಹೋಯಿತು. ರೊಟ್ಟಿ ಬಡಿಯುತ್ತಿದ್ದ ಹೆಂಡತಿಯ ಹತ್ತಿರ ಹೋಗಿ, ಒಮ್ಮೆ ನನ್ನನ್ನು ಹೆಸರು ಹಿಡಿದು ಕರೆ ಎಂದೆ. ಅವಳು ಹಿಟ್ಟಿನ ಕೈಯನ್ನೇ ನನ್ನ ಹಣೆಗೆ ಇಟ್ಟು ನೋಡಿ, ಜ್ವರವೇನೂ ಇಲ್ಲವಲ್ಲ ಎಂದಳು. ನಾನು ಬಿಡಲಿಲ್ಲ.

"ಅದಕ್ಕೇನು ಗಡಬಡಿ ಐತ್ರಿ ಈಗ?" ಎಂದು ನಕ್ಕು, ಮುಂದಿನ ರೊಟ್ಟಿಗೆ ಕೈ ಹಾಕಿದಳು.